ತೊರಪಳ್ಳಿಯ ನ್ಯಾಯವಾದಿ

ಹೊಸೂರಿಗೆ ಸಮೀಪದ ತೊರಪಳ್ಳಿ ಒಂದು ಚಿಕ್ಕ ಗ್ರಾಮ. ಅಲ್ಲಿಯ ಮುನಸೀಫರ ಮನೆಯಲ್ಲಿ 1878ರ ಡಿಸೆಂಬರ್ 10ರಂದು ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದುದನ್ನು ವಾಚಕರೆಲ್ಲರೂ ಬಲ್ಲರು. ಪದವಿಯ ವೈಭವವನ್ನು ಕೊಂಡಾಡುವ ನಾವು, ಅದಕ್ಕೆ ಬಹು ಮುಂಚೆ ಅವರು ತೊರೆದದ್ದೇನೆಂಬುದನ್ನು ನೆನೆಯುವುದು ಕಡಿಮೆ.

ಹೊಸೂರಿನ ಶಾಲೆಯಿಂದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಸ್ಕಾಟ್ಲೆಂಡಿನವರಾದ ಜಾನ್ ಗುತ್ರಿ ಟೇಟ್ ಅಲ್ಲಿ ಅವರ ಗುರುಗಳು. ಕನ್ನಡದಲ್ಲಿ 'ಕೆಲವು ನೆನಪುಗಳು' ಬರೆದ ನವರತ್ನ ರಾಮರಾಯರು ಸಹಪಾಠಿಗಳು. ಆ ಗೆಳೆತನ ಕಡೆಯವರೆಗೂ ಬಾಡಲಿಲ್ಲ. ಮದರಾಸಿನಲ್ಲಿ ನ್ಯಾಯಶಾಸ್ತ್ರ ಓದಿ 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ಹೊಸೂರು, ಕೃಷ್ಣಗಿರಿಗಳು ಆಗ ಆ ಜಿಲ್ಲೆಗೇ ಸೇರಿದ್ದವು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರ ಹೆಸರು ಬಹುಬೇಗ ಬೆಳೆಯಿತು, ಸಂಪಾದನೆಯೂ ಬೆಳೆಯಿತು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರೂ ಆದರು.

ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ಈ ವೃತ್ತಿಯನ್ನು ಅವರು ಬಿಟ್ಟೇಬಿಟ್ಟರು. ಪತ್ನಿ ಅದಾಗಲೇ ತೀರಿಕೊಂಡಿದ್ದರು, ಐವರು ಮಕ್ಕಳ ಹೊಣೆ ತಂದೆಯ ಮೇಲಿತ್ತು. ತ್ಯಾಗವೆಂಬ ಮಾತನ್ನು ನಾವು ಹಗುರವಾಗಿ ಬಳಸುತ್ತೇವೆ. ನಾಳೆಯ ಮನೆಖರ್ಚು ಲೆಕ್ಕಹಾಕುವ ಗೃಹಿಣಿಯರಿಗೆ ಅದರ ತೂಕ ತಿಳಿದೀತು. ಮುಂದೆ ವೆಲ್ಲೂರಿನ ಸೆರೆಮನೆ. 1925ರಿಂದ ತಿರುಚೆಂಗೋಡಿನ ಬಳಿ ಆಶ್ರಮವಾಸ, ಖಾದಿ, ಪಾನವಿರೋಧ ಪ್ರಚಾರ.

1937ರಲ್ಲಿ ಮದರಾಸು ಪ್ರಾಂತದ ಪ್ರಧಾನಮಂತ್ರಿಯಾದೊಡನೆ, ಅಕ್ಟೋಬರ್ 1ರಿಂದ ಪಾನನಿರೋಧವನ್ನು ಮೊಟ್ಟಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲೇ. ಹೆಂಡ, ಸಾರಾಯಿಗಳ ವರಮಾನ ತಪ್ಪಿದರೆ ಸರಕಾರ ನಡೆಯುವುದು ಹೇಗೆ? 1939ರಲ್ಲಿ ಮಾರಾಟ ತೆರಿಗೆ ಬಂತು. ಅಂಗಡಿಯ ಬಿಲ್ಲು ನೋಡಿ ಗೊಣಗುವವರು ಅದರ ಮೂಲದಲ್ಲಿ ಈ ಸಂಗತಿಯೂ ಇತ್ತೆಂಬುದನ್ನು ಅರಿಯಬೇಕು.

ವಾದ ಸರಿಯೆನಿಸಿದ ಮೇಲೆ ತಮ್ಮ ಪಕ್ಷದಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸುವ ಅಭ್ಯಾಸ ರಾಜಾಜಿಯವರಿಗಿರಲಿಲ್ಲ. 1942ರ ಚಳವಳಿಯನ್ನು ಒಪ್ಪದೆ ಆಪ್ತರಿಂದಲೇ ದೂರವಾದರು. 1953ರಲ್ಲಿ, ಮುಖ್ಯಮಂತ್ರಿಗಳಾಗಿದ್ದಾಗ, ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸಬು ಎಂಬ ಯೋಜನೆ ತಂದರು. ಕುಲಕಸಬಿಗೇ ಮಕ್ಕಳನ್ನು ಕಟ್ಟಿಹಾಕುವ ಉಪಾಯವಿದೆಂದು ಜನ ಸಿಡಿದೆದ್ದರು. ಇಲ್ಲಿ ಜನರ ಕಡೆಯೇ ನ್ಯಾಯವಿತ್ತೆಂದು ತೋರುತ್ತದೆ. ಶಾಲೆಯ ಮೆಟ್ಟಿಲನ್ನು ಆಗತಾನೇ ತುಳಿದವರ ಅಂಜಿಕೆ ಜಾಣ ವಕೀಲರಿಗೆ ಕಾಣದೇ ಹೋಯಿತು. 1954ರಲ್ಲಿ ಅಧಿಕಾರ ಬಿಟ್ಟರು.

1971ರಲ್ಲಿ ತಮಿಳುನಾಡು ಸರಕಾರ ಪಾನನಿರೋಧವನ್ನು ಹಿಂದೆಗೆಯಲು ಮುಂದಾದಾಗ ಅವರಿಗೆ 92 ವರ್ಷ. ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ತಾವೇ ಹೋಗಿ, ಬೇಡವೆಂದು ಕೇಳಿಕೊಂಡರು. ವಕೀಲಿ ಬಿಟ್ಟು ಅರ್ಧ ಶತಮಾನ ಕಳೆದಿದ್ದರೂ ಈ ಒಂದು ಮೊಕದ್ದಮೆಯನ್ನು ಅವರು ಕೈಬಿಟ್ಟಿರಲಿಲ್ಲ. ಮಾತು ನಡೆಯಲಿಲ್ಲ, ಆ ವರ್ಷವೇ ನಿರೋಧ ತೆರವಾಯಿತು. ಮರುವರ್ಷ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು.