ದೇವಾಲಯದ ಹೊರಗೋಡೆ ಕಲಿಸುವ ಪಾಠ



ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಹಳೆ ಗೋವಾದ ಬೋಮ್ ಜೆಸುಸ್ ಮಹಾದೇವಾಲಯಕ್ಕೆ ನಮ್ಮ ಅನೇಕ ಕುಟುಂಬಗಳು ಯಾತ್ರೆ ಹೋಗಿಬಂದಿವೆ. ಸಂತರ ಪಾರ್ಥಿವ ಶರೀರದ ಮುಂದೆ ಪ್ರಾರ್ಥಿಸಿ ಮರಳುತ್ತೇವೆ. ಮುಂದಿನ ಸಲ ಒಳಹೋಗುವ ಮೊದಲು ಅಂಗಳದಲ್ಲಿ ಐದು ನಿಮಿಷ ನಿಂತು ಹೊರಗೋಡೆಯನ್ನು ನೋಡಿ.

1594ರಲ್ಲಿ ಕಟ್ಟಲಾರಂಭಿಸಿದ ಈ ದೇವಾಲಯವನ್ನು 1605ರಲ್ಲಿ ಪವಿತ್ರೀಕರಿಸಲಾಯಿತು. ಮುಂಭಾಗದಲ್ಲಿ ಕೆಳಗೆ ಮೂರು ಬಾಗಿಲು, ಅದರ ಮೇಲೆ ಮೂರು ಉದ್ದನೆಯ ಕಿಟಕಿ, ಮತ್ತೂ ಮೇಲೆ ಮೂರು ದುಂಡನೆಯ ಕಿಟಕಿ. ತುದಿಯಲ್ಲಿ ಐ.ಎಚ್.ಎಸ್. ಎಂಬ ಕೆತ್ತನೆ. ಅದು ಗ್ರೀಕ್ ಭಾಷೆಯಲ್ಲಿ ಯೇಸುನಾಮದ ಮೊದಲ ಮೂರು ಅಕ್ಷರ, ಯೇಸುಸಭೆಯವರ ಲಾಂಛನ. ಬಾಗಿಲಿನಿಂದ ಹೊರಟ ಕಣ್ಣು ಮೆಟ್ಟಿಲು ಮೆಟ್ಟಿಲಾಗಿ ಏರಿ ಆ ನಾಮದಲ್ಲಿ ನಿಲ್ಲುತ್ತದೆ. ಉತ್ತರದ ಗೋಡೆಗೆ ಆನಿಕೊಂಡ ಕಲ್ಲಿನ ಆಸರೆಗಳು ಗೋಡೆ ಹೊರಕ್ಕೆ ವಾಲದಂತೆ ತಡೆಯುತ್ತವೆ.

ದೇವಾಲಯ ಕೆಂಪಾಗಿಯೇ ಹುಟ್ಟಿತೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಹೊರಗೋಡೆಗಳಿಗೆ ಮೊದಲು ಸುಣ್ಣದ ಗಾರೆಯಿತ್ತು. ಕಲ್ಲು ಕಾಣಲೆಂದು 1950ರ ದಶಕದಲ್ಲಿ ಅದನ್ನು ಕೆತ್ತಿ ತೆಗೆದರು. ಎದುರಿಗಿರುವ ಸೆ ಪ್ರಧಾನಾಲಯ ಇಂದಿಗೂ ಬೆಳ್ಳಗಿದೆ.

ಒಳಗಿರುವುದು ನಮ್ಮ ಕರಾವಳಿಯವರಿಗೆ ಪರಿಚಿತವಾದ ಕೆಂಪುಕಲ್ಲು, ಅಂದರೆ ಮುರಕಲ್ಲು. ಕಡಿಯುವಾಗ ಮೃದು, ಗಾಳಿಗೆ ಗಟ್ಟಿ. ಆದರೆ ಮೈತುಂಬ ರಂಧ್ರ. ಗಾರೆಯಿಲ್ಲದಿದ್ದರೆ ಪ್ರತಿ ಮಳೆಗಾಲವೂ ನೀರು ಕುಡಿಯುತ್ತದೆ, ಪಾಚಿ ಕಟ್ಟುತ್ತದೆ, ಕ್ರಮೇಣ ಸವೆಯುತ್ತದೆ. ಸುಣ್ಣದ ಗಾರೆ ಮಳೆಯ ಹೊಡೆತವನ್ನು ತಾನು ತಾಳಿಕೊಂಡು, ಒಳಗಿನ ತೇವವನ್ನು ಹೊರಬಿಡುತ್ತದೆ. ಗಾರೆ ಸವೆದರೆ ಮತ್ತೆ ಹಚ್ಚಬಹುದು. ಸವೆದ ಕಲ್ಲು ಮರಳಿ ಬರುವುದಿಲ್ಲ. ಆದ್ದರಿಂದಲೇ ಮತ್ತೆ ಗಾರೆ ಹಚ್ಚಬೇಕೆಂಬ ಮಾತು ಅಲ್ಲಿ ಕೇಳಿಬರುತ್ತಿದೆ. ಕೆಂಪು ರೂಪಕ್ಕೆ ಒಗ್ಗಿಹೋದ ಕಣ್ಣಿಗೆ ಅದು ಸುಲಭದ ಮಾತಲ್ಲ.

ಇದು ಗೋವಾದ ವಿಷಯ ಮಾತ್ರವೇ? ನಮ್ಮ ಧರ್ಮಕೇಂದ್ರಗಳಲ್ಲೂ ಹಬ್ಬ, ಜುಬಿಲಿ ಬಂದಾಗ ಹಳೆಯ ದೇವಾಲಯವನ್ನು ಚೆಂದಗೊಳಿಸುವ ಉತ್ಸಾಹವಿರುತ್ತದೆ. ಸುಣ್ಣ ಕೆರೆದು ಕಲ್ಲು ತೋರಿಸೋಣ ಎನ್ನುವವರಿದ್ದಾರೆ. ಸಿಮೆಂಟು ಬಳಿಯೋಣ ಎನ್ನುವವರೂ ಇದ್ದಾರೆ. ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಹಳೆಯ ಗೋಡೆಯನ್ನು ಕೆಡಿಸುತ್ತದೆ. ನಿರ್ಧರಿಸುವ ಮೊದಲು ಹಳೆಯ ಕಟ್ಟಡ ಬಲ್ಲವರನ್ನು ಕೇಳೋಣ.

ವಿಶ್ವಾಸಿಗಳನ್ನು ಸಂತ ಪೇತ್ರರು ಜೀವಂತ ಕಲ್ಲುಗಳೆಂದು ಕರೆದರು. ನಮ್ಮ ಕುಟುಂಬಗಳಲ್ಲೂ ಸುಣ್ಣದ ಗಾರೆಯಂಥವರಿದ್ದಾರೆ: ಮಳೆಗೆ ತಾವು ಮೈಯೊಡ್ಡಿ ಉಳಿದವರನ್ನು ಕಾಯುವ ಅಜ್ಜ ಅಜ್ಜಿ, ತಂದೆ ತಾಯಿ. ಈ ಹಬ್ಬದಂದು ಅವರನ್ನು ಪ್ರಾರ್ಥನೆಯಲ್ಲಿ ನೆನೆಯೋಣ.