ಹಟಮಾರಿ ರೋಗಾಣುವಿಗೆ ಹದವಾದ ಆಹಾರ

ಹಳದಿಯಾದ ಅಡಿಕೆ ಸೋಗೆಯನ್ನು ತೋರಿಸಿ, "ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಇದಕ್ಕೊಂದು ಔಷಧ ಹೇಳಬಾರದೇ?" ಎಂದು ಕೇಳುವ ಬೆಳೆಗಾರ ಬಾಂಧವರು ಅನೇಕರು. ಪ್ರಶ್ನೆ ನ್ಯಾಯವಾದುದೇ. ಆದರೆ ಕೆಲವು ರೋಗಾಣುಗಳನ್ನು ಗಿಡದಿಂದ ಹೊರತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸುವುದೇ ದೊಡ್ಡ ಸಾಹಸ. ಅಮೆರಿಕದ ದ್ರಾಕ್ಷಿ ತೋಟಗಳ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

ಕ್ಯಾಲಿಫೋರ್ನಿಯದಲ್ಲಿ ಎಲೆಯ ಅಂಚು ಸುಟ್ಟಂತಾಗಿ ದ್ರಾಕ್ಷಿ ಬಳ್ಳಿಯೇ ಒಣಗುವ ರೋಗವನ್ನು ನ್ಯೂಟನ್ ಪಿಯರ್ಸ್ 1892ರಲ್ಲಿ ವರ್ಣಿಸಿದರು. ಇದು ಜಿಗಿಹುಳುಗಳಿಂದ ಹರಡುತ್ತಿತ್ತು. ಯಾವ ಮಾಧ್ಯಮದಲ್ಲೂ ರೋಗಾಣು ಬೆಳೆಯುತ್ತಿರಲಿಲ್ಲ. ಆದ್ದರಿಂದ ವೈರಸ್ಸೇ ಕಾರಣವೆಂದು ದಶಕಗಳ ಕಾಲ ನಂಬಲಾಗಿತ್ತು. 1973ರಲ್ಲಿ ಬಳ್ಳಿಯ ನೀರು ಸಾಗಿಸುವ ನಾಳಗಳಲ್ಲಿ ಬ್ಯಾಕ್ಟೀರಿಯಗಳು ಕಂಡವು. ಕಂಡರಷ್ಟೇ ಸಾಲದು. ಅವುಗಳನ್ನು ಬೇರ್ಪಡಿಸಿ ಬೆಳೆಸಬೇಕು, ಆರೋಗ್ಯವಾದ ಗಿಡಕ್ಕೆ ಸೇರಿಸಿದಾಗ ಅದೇ ರೋಗ ಬರಬೇಕು, ಆ ಗಿಡದಿಂದ ಅದೇ ಅಣು ಮತ್ತೆ ಸಿಗಬೇಕು. ಆಗಲೇ ರುಜುವಾತು.

1978ರಲ್ಲಿ ಡೇವಿಸ್, ಪರ್ಸೆಲ್ ಮತ್ತು ಥಾಮ್ಸನ್ ಇದನ್ನು ಸಾಧಿಸಿದರು. ಅನಂತರ ರೂಪುಗೊಂಡ 'ಪಿಡಿ-2' ಮಾಧ್ಯಮದಲ್ಲಿ ಪೆಪ್ಟೋನ್, ಸಿಟ್ರೇಟ್, ಸಕ್ಸಿನೇಟ್, ಕೆಲವು ಲವಣಗಳು, ಕಬ್ಬಿಣವುಳ್ಳ ಹೆಮಿನ್, ರಕ್ತಸಾರದ ಆಲ್ಬುಮಿನ್ ಮತ್ತು ಅಗರ್ ಇವೆ. ಇಲ್ಲಿ ಆಲ್ಬುಮಿನ್ ಮುಖ್ಯವಾಗಿ ಊಟವಲ್ಲ. ರೋಗಾಣುವಿಗೆ ಮಾರಕವಾದ ವಸ್ತುಗಳನ್ನು ಹೀರಿಕೊಳ್ಳುವ ಕಾವಲುಗಾರ. ಮುಂದೆ ಅದರ ಬದಲು ಅಗ್ಗದ ಪಿಷ್ಟವನ್ನೂ, ಇದ್ದಿಲ ಪುಡಿಯನ್ನೂ ಬಳಸಿದ ಮಾಧ್ಯಮಗಳು ಬಂದವು. ನೀರು ನಿಂತ ತೋಟಕ್ಕೆ ಗೊಬ್ಬರ ಸುರಿದು ಫಲವಿಲ್ಲ, ಬಸಿಗಾಲುವೆ ತೆಗೆಯಬೇಕು ಎಂದು ನಾವು ಬಲ್ಲೆವಲ್ಲವೇ? ಇದೂ ಹಾಗೆಯೇ. ಹೆಚ್ಚು ಆಹಾರ ಕೊಡುವುದಕ್ಕಿಂತ ವಿಷ ತೆಗೆಯುವುದು ಮುಖ್ಯವಾಯಿತು.

1987ರಲ್ಲಿ ಈ ರೋಗಾಣುವಿಗೆ 'ಕ್ಸೈಲೆಲ್ಲ ಫಾಸ್ಟಿಡಿಯೋಸ' ಎಂದು ಹೆಸರಿಟ್ಟರು. ಎರಡನೆಯ ಪದಕ್ಕೆ ಊಟದಲ್ಲಿ ಹಟಮಾರಿ ಎಂಬ ಭಾವ. 1995ರಲ್ಲಿ ಇದು ಬ್ರೆಜಿಲ್‌ನ ಕಾಫಿ ಗಿಡಗಳಲ್ಲಿಯೂ ವರದಿಯಾಯಿತು. ಹೀಗಾಗಿ ಇದು ನಮಗೆ ದೂರದ ಸಂಗತಿಯಲ್ಲ. ಸಸ್ಯ ಸಂಪರ್ಕನಿಷೇಧದ ತಪಾಸಣೆಯಿಲ್ಲದೆ ಪರದೇಶದ ಸಸಿ, ಕಡ್ಡಿಗಳನ್ನು ಯಾರು ಕೊಟ್ಟರೂ ತೋಟಕ್ಕೆ ತರಬಾರದು.

ಇನ್ನು ನಮ್ಮ ಅಡಿಕೆಯ ಹಳದಿ ಎಲೆ ರೋಗ. ಇದರೊಂದಿಗೆ ಕಂಡುಬಂದಿರುವುದು ಫೈಟೋಪ್ಲಾಸ್ಮಾ. ಕೋಶಭಿತ್ತಿಯೇ ಇಲ್ಲದ, ಮರದ ಆಹಾರನಾಳಗಳಲ್ಲಿ ವಾಸಿಸುವ ಜೀವಿ. ಯಾವ ಪ್ರಯೋಗಾಲಯದಲ್ಲಾದರೂ ಸುಲಭವಾಗಿ ಬಳಸಬಹುದಾದ ಮಾಧ್ಯಮ ಇದಕ್ಕೆ ಇನ್ನೂ ಒದಗಿಲ್ಲ. ಡಿಎನ್‌ಎ ಪರೀಕ್ಷೆಯಿಂದ ಗುರುತಿಸಬಹುದು. ತಟ್ಟೆಯಲ್ಲಿ ಬೆಳೆಸಿ, ಒಂದೊಂದೇ ಔಷಧ ಹಾಕಿ ನೋಡುವ ಅನುಕೂಲವಿಲ್ಲ.

ಆದ್ದರಿಂದ "ಹಳದಿ ರೋಗ ಗ್ಯಾರಂಟಿ ವಾಸಿ" ಎಂದು ಬಾಟಲಿ ಹಿಡಿದು ಬರುವವರಿಗೆ ಹಣ ತೆರುವ ಮುನ್ನ ಯೋಚಿಸಿರಿ. ಸೋಗೆ ಹಳದಿಯಾಗಲು ನೀರು ನಿಲ್ಲುವುದೂ, ಪೋಷಕಾಂಶದ ಕೊರತೆಯೂ ಕಾರಣವಾಗಬಹುದು. ಮೊದಲು ಬಸಿಗಾಲುವೆ ಸರಿಪಡಿಸಿ, ಮಣ್ಣು ಪರೀಕ್ಷೆ ಮಾಡಿಸಿ, ಸಮತೋಲ ಗೊಬ್ಬರ ಕೊಡಿರಿ. ಇದರಿಂದ ರೋಗ ವಾಸಿಯಾಗದಿದ್ದರೂ ಮರಕ್ಕೆ ಶಕ್ತಿ ಬರುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.