ಅರ್ಧಕ್ಕೆ ನಿಂತ ಸ್ವೆಟರ್ ಮತ್ತು ಬರ್ಲಿನ್ನಿನ ಮಾಣಿ

ಸಾಲಗುಂದದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಮನ್ಯಾಗ ಒಂದು ಸ್ವೆಟರ್, ಒಂದು ಬಾಗಿಲ ತೋರಣ, ಟಿವಿ ಮ್ಯಾಲಿನ ಕ್ರೋಶಾ ಹೊದಿಕಿ, ಒಂದು ಕೌದಿ, ನಾಕೂ ಅರ್ಧಕ್ಕ ನಿಂತಾವ್ರೀ. ಐದನೇದು ಹಿಡೀಬೇಕು ಅನ್ನಸ್ತದ. ಮುಗಸದ ಕೆಲಸ ತಲಿ ಕೊರೀತದ ಅಂತ ವಿಡಿಯೋದಾಗ ನೋಡಿದೆ. ಖರೇನ್ರೀ?"

ಮೊದಲೇ ಹೇಳಿಬಿಡುತ್ತೇನೆ, ಇದು ಸೋಮಾರಿತನದ ಮಾತಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿಯ ಗಡಿಬಿಡಿ. ಕಡ್ಡಿ, ಸೂಜಿ, ಉಲ್ಲನ್ ಉಂಡೆ ಎಲ್ಲವೂ ಟ್ರಂಕು ಸೇರುತ್ತವೆ.

ವಿಡಿಯೋದವರು ಹೇಳಿದ್ದು ‘ಝೈಗಾರ್ನಿಕ್ ಪರಿಣಾಮ’ ಇರಬೇಕು. ಬ್ಲೂಮಾ ಝೈಗಾರ್ನಿಕ್ ಲಿಥುವೇನಿಯಾದ ಹೆಣ್ಣುಮಗಳು, ಬರ್ಲಿನ್ನಿನಲ್ಲಿ ಕರ್ಟ್ ಲೆವಿನ್ ಎಂಬ ಮನೋವಿಜ್ಞಾನಿಯ ಶಿಷ್ಯೆ. ಗುರುಶಿಷ್ಯರು ಕೂರುತ್ತಿದ್ದ ಕಾಫಿ ಅಂಗಡಿಯ ಮಾಣಿಗೆ ಬಿಲ್ಲು ಬಾಕಿಯಿರುವ ತನಕ ಯಾರು ಏನು ತಿಂದರೆಂಬುದು ಬಾಯಿಪಾಠವಾಗಿರುತ್ತಿತ್ತಂತೆ, ದುಡ್ಡು ಕೈಗೆ ಬಿದ್ದೊಡನೆ ಮರೆತೇ ಹೋಗುತ್ತಿತ್ತಂತೆ. ಇದಕ್ಕೆ ಬರ್ಲಿನ್ನೇ ಬೇಕೆಂದಿಲ್ಲ. ನಮ್ಮ ಕಡೆಯ ಹೋಟೆಲಿನಲ್ಲಿ ‘ಎರಡು ಒಗ್ಗರಣಿ, ನಾಕು ಮಿರ್ಚಿ, ಮೂರು ಚಹಾ’ ಎಂದು ಗಲ್ಲೆಯತ್ತ ಕೂಗುವ ಹುಡುಗನನ್ನು, ನೀವು ದುಡ್ಡು ಕೊಟ್ಟು ಮೆಟ್ಟಿಲಿಳಿದ ಮೇಲೆ ಕೇಳಿ ನೋಡಿ. ‘ಯಾವ ಟೇಬಲ್ರೀ?’ ಅನ್ನುತ್ತಾನೆ. ಅವನ ತಲೆಯಲ್ಲಿ ಆ ಹೊತ್ತಿಗೆ ಮುಂದಿನ ಗಿರಾಕಿಯ ಮಿರ್ಚಿ ಬೇಯುತ್ತಿರುತ್ತದೆ.

ಝೈಗಾರ್ನಿಕ್ ಇದನ್ನು ಪರೀಕ್ಷೆಗೆ ಒಡ್ಡಿದರು. ಮಣಿ ಪೋಣಿಸುವುದು, ರಟ್ಟಿನ ಡಬ್ಬಿ ಕಟ್ಟುವುದು, ಲೆಕ್ಕ ಬಿಡಿಸುವುದು, ಹೀಗೆ ಇಪ್ಪತ್ತರ ಆಸುಪಾಸು ಸಣ್ಣ ಕೆಲಸಗಳನ್ನು ಕೊಟ್ಟು, ಅರ್ಧದಷ್ಟನ್ನು ನಡುವೆಯೇ ಕಸಿದುಕೊಂಡರು. ಆಮೇಲೆ ಕೇಳಿದಾಗ ಜನರಿಗೆ ಮುಗಿದದ್ದಕ್ಕಿಂತ ನಿಂತದ್ದೇ ಸುಮಾರು ಎರಡರಷ್ಟು ನೆನಪಿತ್ತು. 1927ರಲ್ಲಿ ಪ್ರಬಂಧ ಪ್ರಕಟವಾಯಿತು. ದಣಿದವರಲ್ಲಿ ಮಾತ್ರ ಫಲಿತಾಂಶ ತಿರುವುಮುರುವಾಗಿತ್ತು. ನಾಟಿ ಮುಗಿಸಿ ಬಂದು ಗೋಡೆಗೆ ಒರಗಿದವರಿಗೆ ಸ್ವೆಟರ್ ನೆನಪಾಗದಿದ್ದರೆ ಆಶ್ಚರ್ಯವಿಲ್ಲ! ಆಕೆ ಮುಂದೆ ಮಾಸ್ಕೋಗೆ ಹೋದರು, ಸ್ಟಾಲಿನ್ ಕಾಲದಲ್ಲಿ ಗಂಡನ ಬಂಧನ ಕಂಡರು, ಯುದ್ಧದಲ್ಲಿ ಮಿದುಳಿಗೆ ಗಾಯವಾದ ಸೈನಿಕರ ಆರೈಕೆಗೆ ನಿಂತರು, 1988ರಲ್ಲಿ ತೀರಿಕೊಂಡರು. ಇಷ್ಟೆಲ್ಲ ಬದುಕಿದವರ ಹೆಸರು ಇಂದು ಧಾರಾವಾಹಿಯ ಕಂತನ್ನು ಎಲ್ಲಿ ಕತ್ತರಿಸಬೇಕೆಂದು ಹೇಳಿಕೊಡುವವರ ಬಾಯಲ್ಲಿ ಮಾತ್ರ ಓಡಾಡುತ್ತಿದೆ.

ಆ ಪರಿಣಾಮವಾದರೂ ಗಟ್ಟಿಯೇ? ಅಲ್ಲ. ನಂತರದವರು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಾಗ ಕೆಲವೊಮ್ಮೆ ಸಿಕ್ಕಿತು, ಹಲವು ಸಲ ಸಿಗಲಿಲ್ಲ. 2025ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ, ಮುಗಿಯದ ಕೆಲಸ ಹೆಚ್ಚು ನೆನಪಿರುತ್ತದೆಂಬುದಕ್ಕೆ ಆಧಾರವೇ ಕಾಣಲಿಲ್ಲ. ಉಳಿದುಕೊಂಡದ್ದು ಅದೇ ಲೆವಿನ್ನರ ಇನ್ನೊಬ್ಬ ಶಿಷ್ಯೆ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ಕಂಡದ್ದು: ಅರ್ಧಕ್ಕೆ ಬಿಡಿಸಿದ ಕೆಲಸವನ್ನು, ಯಾರೂ ಹೇಳದಿದ್ದರೂ, ಬಿಡುವು ಸಿಕ್ಕಾಗ ಜನ ತಾವಾಗಿಯೇ ಮತ್ತೆ ಎತ್ತಿಕೊಳ್ಳುತ್ತಾರೆ. ತಲೆ ಮರೆಯಬಹುದು, ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ. ಹಾಗಾಗಿ ಟ್ರಂಕಿನ ತಳದಲ್ಲಿರುವ ಸ್ವೆಟರ್‌ಗಿಂತ ಕಿಟಕಿಯ ಗೂಡಿನಲ್ಲಿರುವ ತೋರಣ ಬೇಗ ಮುಗಿಯುತ್ತದೆ ಎಂಬುದು ನನ್ನ ಊಹೆ.

ಮನಸ್ಸಿನ ವಿಚಾರ ಇಷ್ಟಾದರೆ, ವಿಡಿಯೋದವರು ಮುಟ್ಟದ ಸಂಗತಿ ಇನ್ನೊಂದಿದೆ: ಎಲ್ಲ ಕಸುಬೂ ಒಂದೇ ರೀತಿ ನಿಲ್ಲುವುದಿಲ್ಲ. ಕೌದಿಯ ದಾರ ಬಟ್ಟೆಯ ಪದರಗಳ ನಡುವೆ ತಿಕ್ಕಾಟದಿಂದಲೇ ಹಿಡಿದುಕೊಂಡಿರುತ್ತದೆ. ವರ್ಷ ಬಿಟ್ಟರೂ ಚಿಂತೆಯಿಲ್ಲ. ಕ್ರೋಶಾದಲ್ಲಿ ಸಾಮಾನ್ಯವಾಗಿ ಬಿಚ್ಚಿಹೋಗಬಹುದಾದ ಕುಣಿಕೆ ಒಂದೇ ಒಂದು. ಅದನ್ನು ಉದ್ದಕ್ಕೆ ಎಳೆದು ಪಿನ್ನು ಹಾಕಿದರೆ ಸೂಜಿ ಇನ್ನೊಂದಕ್ಕೆ ಖಾಲಿ. ಕ್ರೋಶಾ ಕೆಲಸಗಳು ಮನೆಯಲ್ಲಿ ರಾಶಿ ಬೀಳುವುದಕ್ಕೆ ಈ ಸಲೀಸೂ ಒಂದು ಕಾರಣ. ಕಡ್ಡಿ ಹೆಣಿಕೆಯದು ಬೇರೆ ಕಥೆ. ಇಡೀ ಸಾಲಿನ ಕುಣಿಕೆಗಳು ಬಾಯಿ ತೆರೆದು ಕಡ್ಡಿಯ ಮೇಲೆ ಕೂತಿರುತ್ತವೆ. ಒಂದು ಜಾರಿದರೆ ಅದರ ಕೆಳಗಿನದು, ಅದರ ಕೆಳಗಿನದು, ಏಣಿಯಂತೆ ಬಿಚ್ಚುತ್ತ ಹೋಗುತ್ತದೆ.

ಬಿಟ್ಟು ಹಿಡಿದ ಸ್ವೆಟರ್‌ನಲ್ಲಿ ಗೆರೆ ಹೊಡೆದಂತೆ ಕಾಣುವುದಕ್ಕೂ ಕಾರಣವಿದೆ. ಕುಣಿಕೆಯ ಅಳತೆ ಕಡ್ಡಿಯ ದಪ್ಪವನ್ನಷ್ಟೇ ಅಲ್ಲ, ಬೆರಳು ದಾರವನ್ನು ಬಿಗಿಹಿಡಿಯುವುದನ್ನೂ ಅವಲಂಬಿಸಿದೆ. ತಿಂಗಳುಗಳ ನಂತರ ಬಿಗಿ ಅದೇ ಇರುವುದಿಲ್ಲ. ಕುಣಿಕೆಯೊಂದು ಅರ್ಧ ಮಿಲಿಮೀಟರ್ ಅಗಲವಾದರೆ ನೂರು ಕುಣಿಕೆಯ ಸಾಲು 5 ಸೆಂಟಿಮೀಟರ್ ಹಿಗ್ಗುತ್ತದೆ.

ಕಿರಿಕಿರಿಯ ಮಾತಿಗೆ ಬಂದರೆ, ಮ್ಯಾಸಿಕಾಂಪೋ ಮತ್ತು ಬಾಮೈಸ್ಟರ್ 2011ರಲ್ಲಿ ತೋರಿಸಿದ್ದು ಉಪಯೋಗಕ್ಕೆ ಬರುತ್ತದೆ. ಬಾಕಿ ಕೆಲಸ ಮನಸ್ಸಿಗೆ ಅಡ್ಡ ಬರುತ್ತಿದ್ದವರು, ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿಕೊಂಡರೆ ಸಾಕಿತ್ತು, ಕೆಲಸ ಮುಗಿಯದೆಯೇ ಅಡ್ಡಿ ತಗ್ಗಿತು. ಆದ್ದರಿಂದ ಟ್ರಂಕು ಮುಚ್ಚುವ ಮುನ್ನ ಒಂದು ಚೀಟಿ ಬರೆದು ಸ್ವೆಟರ್‌ಗೆ ಪಿನ್ನು ಮಾಡಿ: ಎಷ್ಟನೇ ಸಾಲು, ಯಾವ ನಂಬರ್ ಕಡ್ಡಿ, ಮತ್ತೆ ಎಂದು ಕೂರುವುದು. ಉಂಡೆಯ ಲೇಬಲ್ಲೂ ಜೊತೆಗಿರಲಿ, ಅದೇ ಬಣ್ಣ ಇನ್ನೊಂದು ಲಾಟಿನಲ್ಲಿ ಬೇರೆಯಾಗಿ ಕಾಣುತ್ತದೆ. ಐದನೆಯದನ್ನು ಹಿಡಿಯುವುದಾದರೆ ಕ್ರೋಶಾದ್ದೇ ಹಿಡಿಯಿರಿ.